ಕ್ಯಾಂಡಲ್ ಎಮೋಜಿ ಹಾಕಿ ಮುಗಿಸಬೇಡಿ

(1/6)
ಉದ್ದ ಇದೆ, ಆರು ಪೋಸ್ಟ್. ಸೇವ್ ಮಾಡ್ಕೊಂಡು ಆಮೇಲೆ ಓದಿದ್ರೂ ಪರವಾಗಿಲ್ಲ.

ಸರ್ಬಿಯಾದಲ್ಲಿ ತನ್ನ ಶಾಲೆಯೊಳಗೇ ಗುಂಡು ಹಾರಿಸಿದ ಹುಡುಗನ ಫೋಟೋಗೆ ಮ್ಯೂಸಿಕ್ ಹಾಕಿ, ಸ್ಲೋ ಮೋಷನ್ ಮಾಡಿ ಯಾರೋ ಎಡಿಟ್ ಬಿಟ್ಟಿದ್ದಾರೆ. ಅದು ತಿರುಗಿ ತಿರುಗಿ ನಮ್ಮ ಗ್ರೂಪಿಗೂ ಬಂತು. ಒಬ್ಬ "ಖತರ್ನಾಕ್" ಅಂದ. ಇನ್ನೊಬ್ಬ ಕ್ಯಾಂಡಲ್ ಎಮೋಜಿ ಹಾಕ್ದ. ಮತ್ತೊಬ್ಬ "ಎಲ್ಲಾ ಗೇಮ್ ಆಡಿ ಕೆಟ್ಟೋಗಿರೋದು" ಅಂದ. ನಂಗೆ ಈ ಮೂರರ ಮೇಲೂ ಸಿಟ್ಟಿದೆ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

(2/6)
ಮೊದಲು ನಡೆದಿದ್ದು ಏನು.

2023ರ ಮೇ 3, ಬುಧವಾರ ಬೆಳಗ್ಗೆ. ಬೆಲ್‌ಗ್ರೇಡ್‌ನ ವ್ರಾಚಾರ್ ಪ್ರದೇಶದ ವ್ಲಾದಿಸ್ಲಾವ್ ರಿಬ್ನಿಕಾರ್ ಶಾಲೆ. 13 ವರ್ಷದ ವಿದ್ಯಾರ್ಥಿ ಅಪ್ಪನ ಎರಡು ಪಿಸ್ತೂಲು ಬ್ಯಾಗಲ್ಲಿ ಹಾಕ್ಕೊಂಡು ಬಂದ. ಎಂಟು ಮಕ್ಕಳು, ಒಬ್ಬ ಸೆಕ್ಯುರಿಟಿ ಗಾರ್ಡ್ ಅಲ್ಲೇ ಸತ್ತರು. ಕೆಲವು ದಿನ ಆದ್ಮೇಲೆ ಆಸ್ಪತ್ರೆಯಲ್ಲಿ ಇನ್ನೊಬ್ಬಳು ಹುಡುಗಿ. ಒಟ್ಟು ಹತ್ತು.

ಊರು ಅತ್ತು ಮುಗಿಸೋ ಮುಂಚೆ, ಮಾರನೇ ದಿನ ರಾತ್ರಿ, ಬೆಲ್‌ಗ್ರೇಡ್‌ನ ದಕ್ಷಿಣಕ್ಕಿರೋ ದುಬೋನಾ ಅನ್ನೋ ಹಳ್ಳಿಯ ಶಾಲೆ ಅಂಗಳದಲ್ಲಿ ಕೂತಿದ್ದ ಹುಡುಗ ಹುಡುಗಿಯರ ಮೇಲೆ ಒಬ್ಬ ಗುಂಡು ಹಾರಿಸ್ದ. ಅಲ್ಲಿಂದ ಪಕ್ಕದ ಊರಿಗೂ ಹೋದ. ಒಟ್ಟು ಒಂಬತ್ತು ಜನ ಹೋದ್ರು. ಹೊಡೆದವನಿಗೆ 20 ವರ್ಷ. ಅಂದ್ರೆ ನನ್ನ ವಯಸ್ಸು.

ದೇಶ ಮೂರು ದಿನ ಶೋಕಾಚರಣೆ ಮಾಡ್ತು. ಶಾಲೆ ಮುಂದಿನ ರಸ್ತೆ ತುಂಬಾ ಹೂವು, ಮೇಣದಬತ್ತಿ, ಗೊಂಬೆ, ಮಕ್ಕಳು ಕೈಯಲ್ಲಿ ಬರೆದ ಚೀಟಿ. ಬೇರೆ ಬೇರೆ ಶಾಲೆ ಮಕ್ಕಳು ಬಂದು ಫುಟ್‌ಪಾತ್ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತಿದ್ರು.

(3/6)
ಈಗ "ಖತರ್ನಾಕ್" ಅಂದವನಿಗೆ.

ನೀನು ಎಡಿಟ್‌ನಲ್ಲಿ ನೋಡೋದು ಹೊಡೆದವನ ಮುಖ. ಸತ್ತ ಆ ಹತ್ತು ಜನರಲ್ಲಿ ಒಬ್ಬರ ಹೆಸರಾದ್ರೂ ನಿಂಗೆ ಗೊತ್ತಾ? ಇಲ್ಲ. ಎಡಿಟ್ ಮಾಡೋ ಕೆಲಸವೇ ಅದು. ಕೊಂದವನು ಹೀರೋ, ಸತ್ತವರು ಬ್ಯಾಕ್‌ಗ್ರೌಂಡ್. ಅದಕ್ಕೇ ಇಡೀ ಸೀರೀಸಲ್ಲಿ ಅವನ ಹೆಸರು ನಾನು ಬರೆಯಲ್ಲ.

ಇದು ಫೋನ್ ಹಿಡ್ಕೊಂಡ ಹುಡುಗರ ತಪ್ಪು ಮಾತ್ರ ಅಲ್ಲ. ಆ ಹುಡುಗ ಕೊಲ್ಲಬೇಕಾದವರ ಪಟ್ಟಿ ಬರೆದಿಟ್ಟಿದ್ದ. ಅವತ್ತೇ ಬೆಲ್‌ಗ್ರೇಡ್ ಪೊಲೀಸ್ ಮುಖ್ಯಸ್ಥರು ಪ್ರೆಸ್‌ಮೀಟ್‌ನಲ್ಲಿ ಆ ಪಟ್ಟಿಯನ್ನ ಕ್ಯಾಮೆರಾಗೇ ಹಿಡಿದು ತೋರಿಸಿದ್ರು! ಬದುಕುಳಿದ ಒಂದು ಮಗು, "ನನ್ನ ಹೆಸರೂ ಇತ್ತು" ಅಂತ ಟಿವಿ ನೋಡಿ ತಿಳ್ಕೊಳ್ಳೋದನ್ನ ಒಂದು ನಿಮಿಷ ಯೋಚಿಸಿ. ಅಷ್ಟು ದೊಡ್ಡ ಹುದ್ದೆಯಲ್ಲಿ ಇರೋರಿಗೆ ಏನು ತೋರಿಸಬಾರದು ಅಂತ ಗೊತ್ತಾಗ್ಲಿಲ್ಲ. ನಮಗಾದ್ರೂ ಗೊತ್ತಿರಲಿ.

(4/6)
"ಗೇಮ್ ಆಡಿ ಕೆಟ್ಟೋದ" ಅನ್ನೋರಿಗೆ.

ಇದೇ ಮಾತನ್ನ ಅಲ್ಲಿನ ಶಿಕ್ಷಣ ಮಂತ್ರಿ ಬ್ರಾಂಕೊ ರೂಜಿಚ್ ಕೂಡ ಅಂದ್ರು. ಇಂಟರ್ನೆಟ್ಟು, ವಿಡಿಯೋ ಗೇಮು, ಪಾಶ್ಚಾತ್ಯ ಮೌಲ್ಯ ಅಂತೆಲ್ಲ ದೂರಿದ್ರು. ಜನ ಸುಮ್ಮನೆ ಬಿಡಲಿಲ್ಲ. ಕೆಲವೇ ದಿನದಲ್ಲಿ ರಾಜೀನಾಮೆ ಕೊಟ್ರು.

ಗುರು, ಗನ್ ಗೇಮ್ ಆಡದ ಹಾಸ್ಟೆಲ್ ರೂಮ್ ನಮ್ಮಲ್ಲಿ ಯಾವುದಿದೆ ಹೇಳು? ಗೇಮ್ ಎಲ್ಲಾ ಮನೆಯಲ್ಲೂ ಇದೆ. ಆ ಮನೆಯಲ್ಲಿ ಇದ್ದಿದ್ದು ನಿಜವಾದ ಪಿಸ್ತೂಲು, ಅದೂ ಲೈಸೆನ್ಸ್ ಇರೋದು. ಅಪ್ಪನೇ ಮಗನನ್ನ ಶೂಟಿಂಗ್ ರೇಂಜಿಗೆ ಕರ್ಕೊಂಡು ಹೋಗಿದ್ದ. ಪಿಸ್ತೂಲು ಲಾಕರಲ್ಲಿತ್ತು, ಆದ್ರೆ ಕೋಡ್ ಹುಡುಗನಿಗೆ ಗೊತ್ತಿತ್ತು ಅಂತ ಅಧಿಕಾರಿಗಳೇ ಹೇಳಿದ್ರು. 90ರ ದಶಕದ ಯುದ್ಧಗಳಾದ್ಮೇಲೆ ಆ ದೇಶದ ಮನೆಮನೆಯಲ್ಲಿ ಬಂದೂಕು ಉಳ್ಕೊಂಡಿದೆ. ಸ್ಮಾಲ್ ಆರ್ಮ್ಸ್ ಸರ್ವೆಯ 2018ರ ಅಂದಾಜಿನಲ್ಲಿ 100 ಜನಕ್ಕೆ ಸುಮಾರು 39. ಘಟನೆ ಆದ್ಮೇಲೆ, ಕೇಸ್ ಹಾಕಲ್ಲ, ತಂದು ಕೊಡಿ ಅಂತ ಸರ್ಕಾರ ಹೇಳಿದಾಗ ಮೊದಲ ವಾರದಲ್ಲೇ 13,000ಕ್ಕೂ ಹೆಚ್ಚು ಆಯುಧ, ಸ್ಫೋಟಕ ಬಂದು ಬಿತ್ತು. ಗ್ರೆನೇಡ್ ಸಮೇತ! ಇದು ಒಳ್ಳೆ ಕೆಲಸವೇ, ಒಪ್ತೀನಿ. ಆದ್ರೆ ಹತ್ತು ಜನ ಸಾಯೋವರೆಗೆ ಯಾಕೆ ಕಾದ್ರಿ?

ಜೊತೆಗೆ ಅಧ್ಯಕ್ಷ ವುಚಿಚ್ ಇನ್ನೊಂದು ಪ್ರಸ್ತಾಪ ಇಟ್ರು. ಕ್ರಿಮಿನಲ್ ಕೇಸ್ ಹಾಕೋ ವಯಸ್ಸನ್ನ 14ರಿಂದ 12ಕ್ಕೆ ಇಳಿಸೋಣ ಅಂತ. ಬಂದೂಕು ದೊಡ್ಡವರದ್ದು, ಕೋಡ್ ದೊಡ್ಡವರದ್ದು, ಶಿಕ್ಷೆ ಮಾತ್ರ ಏಳನೇ ಕ್ಲಾಸಿನವರಿಗೆ.

(5/6)
ಇನ್ನು ಕ್ಯಾಂಡಲ್ ಎಮೋಜಿ.

ದುಃಖ ಪಡಬೇಡಿ ಅಂತಿಲ್ಲ. ಆದ್ರೆ ಬೆಲ್‌ಗ್ರೇಡ್ ಜನ ಕ್ಯಾಂಡಲ್ ಹಚ್ಚಿ ಮನೆಗೆ ಹೋಗಿ ಮಲಗಲಿಲ್ಲ. ಮೇ 8ಕ್ಕೆ ಸಾವಿರಾರು ಜನ ಘೋಷಣೆ ಕೂಗದೆ ಮೌನವಾಗಿ ರಸ್ತೆಯಲ್ಲಿ ನಡೆದ್ರು. "ಹಿಂಸೆಯ ವಿರುದ್ಧ ಸರ್ಬಿಯಾ" ಅನ್ನೋ ಬ್ಯಾನರ್. ಮುಂದಿನ ಸಲ ಗಾಜೆಲಾ ಸೇತುವೆಯನ್ನೇ ತುಂಬಿದ್ರು. ತಿಂಗಳುಗಟ್ಟಲೆ, ವಾರ ವಾರ ಬಂದ್ರು. ಗೃಹಮಂತ್ರಿ ರಾಜೀನಾಮೆ ಕೇಳಿದ್ರು, ಹಿಂಸೆಯನ್ನೇ ಮಾರೋ ಟಿವಿ ಚಾನೆಲ್‌ಗಳ ಲೈಸೆನ್ಸ್ ರದ್ದು ಮಾಡಿ ಅಂದ್ರು.

ಗೇಮ್ ಬೈಯೋದು ತಪ್ಪು, ಟಿವಿ ಬೈಯೋದು ಸರಿನಾ ಅಂತ ಕೇಳಬಹುದು. ವ್ಯತ್ಯಾಸ ಇದೆ. ಚಾನೆಲ್‌ಗೆ ಲೈಸೆನ್ಸ್ ಕೊಡೋದು ಸರ್ಕಾರದ ವ್ಯವಸ್ಥೆ. ಅಲ್ಲಿ ಸಹಿ ಹಾಕಿದವರು ಇದ್ದಾರೆ, ಅವರನ್ನ ಉತ್ತರ ಕೇಳಬಹುದು. "ಪಾಶ್ಚಾತ್ಯ ಮೌಲ್ಯ"ದ ಮನೆ ಅಡ್ರೆಸ್ ಎಲ್ಲಿದೆ?

ಸಾವಿನಲ್ಲಿ ರಾಜಕೀಯ ಮಾಡ್ತಿದ್ದಾರೆ ಅಂತ ಸರ್ಕಾರದ ಕಡೆಯವರು ಬೈದ್ರು. ಎಲ್ಲಾ ಕಡೆ ಇದೇ ಡೈಲಾಗು. ಸತ್ತ ದಿನ ಕೇಳಿದ್ರೆ ರಾಜಕೀಯ, ಆರು ತಿಂಗಳು ಬಿಟ್ಟು ಕೇಳಿದ್ರೆ ಹಳೇ ಕತೆ. ಹಾಗಾದ್ರೆ ಕೇಳೋ ದಿನ ಯಾವುದು?

(6/6)
"ನಮ್ಮಲ್ಲಿ ಹಂಗೆಲ್ಲ ಆಗಲ್ಲ ಬಿಡು" ಅಂತೀರಾ? ನಮ್ಮ ಕಾನೂನಲ್ಲಿ 21 ತುಂಬದೆ ಗನ್ ಲೈಸೆನ್ಸ್ ಸಿಗಲ್ಲ, ಸಿಗೋದೂ ಸುಲಭ ಅಲ್ಲ. ಅದಕ್ಕೆ ಆ ಕಾನೂನಿಗೆ ಥ್ಯಾಂಕ್ಸ್ ಹೇಳಿ, ನಮ್ಮ ಒಳ್ಳೆತನಕ್ಕಲ್ಲ. ಲಾಂಗ್ ಹಿಡಿದು ರೀಲ್ಸ್ ಮಾಡೋರಿಗೆ ಲೈಕ್ ಒತ್ತೋ ಬೆರಳು ನಮ್ಮದೇ ಅಲ್ವಾ?

ಮಾಡೋಕೆ ಆಗೋದು ಇಷ್ಟು. ಅಂಥ ಎಡಿಟ್ ಬಂದ್ರೆ ಬೈಯೋಕೂ ಶೇರ್ ಮಾಡಬೇಡಿ, ರಿಪೋರ್ಟ್ ಮಾಡಿ. ಫ್ರೆಂಡ್ ಯಾರಾದ್ರೂ "ಎಲ್ಲರನ್ನೂ ಮುಗಿಸ್ತೀನಿ", "ನಾನೇ ಇರಲ್ಲ" ಅಂತ ಪದೇ ಪದೇ ಅಂದ್ರೆ ಮೀಮ್ ಮಾಡಬೇಡಿ, ಪಕ್ಕದಲ್ಲಿ ಕೂತು ಕೇಳಿ, ನಂಬೋ ದೊಡ್ಡವರೊಬ್ಬರಿಗೆ ಹೇಳಿ. ಬೆಲ್‌ಗ್ರೇಡ್‌ನ ಹುಡುಗ ಒಂದು ತಿಂಗಳಿಂದ ಪ್ಲಾನ್ ಮಾಡಿದ್ದ ಅಂತ ಪೊಲೀಸರು ಹೇಳಿದ್ರು. ಒಂದು ತಿಂಗಳು ಸಣ್ಣ ಸಮಯ ಅಲ್ಲ. ಟೆಲಿ ಮಾನಸ್ ಹೆಲ್ಪ್‌ಲೈನ್ 14416, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ. ನಂಬರ್ ಸೇವ್ ಮಾಡ್ಕೊಳ್ಳಿ.

ಒಪ್ಪಲ್ಲ ಅಂದ್ರೆ ಕಾಮೆಂಟಲ್ಲಿ ಜಗಳ ಆಡಿ, ಉತ್ತರ ಕೊಡ್ತೀನಿ. ಹೊಡೆದವನ ಹೆಸರು, ಫೋಟೋ ಹಾಕಿದ್ರೆ ಮಾತ್ರ ಡಿಲೀಟ್.

#ಹೆಸರುಬೇಡ #ಎಡಿಟ್‌ಬೇಡ #ಬೆಲ್‌ಗ್ರೇಡ್ #ಪ್ರಶ್ನೆಕೇಳಿ