ಸಾಂತಾಕ್ಲಾಸನ ಊರಿಗೆ ಹೊರಡುವ ಮುನ್ನ

ಕ್ರಿಸ್ಮಸ್ ರಜದಲ್ಲಿ ಮಕ್ಕಳನ್ನು ಫಿನ್ಲೆಂಡಿನ ಉತ್ತರದಲ್ಲಿರುವ ರೊವಾನಿಯೆಮಿಗೆ ಕರೆದೊಯ್ದು ಸಾಂತಾಕ್ಲಾಸನನ್ನು ತೋರಿಸಬೇಕೆಂದು ಯೋಚಿಸುವ ನಂಜನಗೂಡು, ತಿರುಮಕೂಡಲು ನರಸೀಪುರಗಳ ಪೋಷಕರಲ್ಲಿ ನನ್ನದೊಂದು ಬಿನ್ನಹ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆಯು ಸುಟ್ಟ ಆ ಪಟ್ಟಣವು ಮರಳಿ ಎದ್ದು ಮಕ್ಕಳ ಯಾತ್ರಾಸ್ಥಳವಾಗಿರುವುದು ನೋಡತಕ್ಕದ್ದೇ ಸರಿ. ಆದರೆ ಸಾಂತಾಕ್ಲಾಸನೆಂಬ ಹೆಸರಿನ ಮೂಲಪುರುಷನು ಹಿಮದ ನಾಡಿನವನಲ್ಲ. ಈಗಿನ ತುರ್ಕಿ ದೇಶದ ಮೈರಾ ಪಟ್ಟಣದ ಬಿಷಪ್ ಸಂತ ನಿಕೊಲಾಸನು. ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಬಾಳು ಕೆಡದಂತೆ ಆತನು ರಾತ್ರಿಯಲ್ಲಿ ಗುಪ್ತವಾಗಿ ಅವರ ಮನೆಯೊಳಗೆ ಹೊನ್ನಿನ ಗಂಟುಗಳನ್ನು ಎಸೆದನೆಂದು ಐತಿಹ್ಯವುಂಟು. ಆದಕಾರಣ ಪ್ರಯಾಣದ ಲೆಕ್ಕ ಬರೆಯುವಾಗ ವಿಮಾನದ ಟಿಕೆಟ್ಟು, ಉಣ್ಣೆಯ ಉಡುಪುಗಳ ಕೆಳಗೆ ಬಡ ಬಾಲಕಿಯೊಬ್ಬಳ ವರ್ಷದ ಶುಲ್ಕವನ್ನೂ ನಿಮ್ಮ ಮಕ್ಕಳ ಕೈಯಿಂದಲೇ ಬರೆಯಿಸಿರಿ. ಕೊಟ್ಟವರಾರೆಂಬುದು ಆಕೆಗೆ ತಿಳಿಯದಿರಲಿ. ಅಷ್ಟು ದೂರ ಹೋಗಲಾರದ ಮನೆಯವರೂ ಕೂಡಿ ಇದನ್ನು ಮಾಡಬಹುದು.