ಮೂರು ತಿಂಗಳ ಮುಚ್ಚುಮರೆ

‘ಮೂರು ತಿಂಗಳು ತುಂಬಲಿ, ಆಮೇಲೆ ಹೇಳಿದರಾಯಿತು.’ ನಮ್ಮ ಕಡೆ ಈ ಮಾತು ಕೇಳದೆ ಬಸುರಿಯಾದ ಹೆಂಗಸು ಇರಲಾರಳು. ದೃಷ್ಟಿ ತಾಗುತ್ತದಂತೆ. ನಾಲ್ಕು ಜನರ ಬಾಯಿಗೆ ಬಿದ್ದರೆ ಗರ್ಭ ನಿಲ್ಲುವುದಿಲ್ಲವಂತೆ. ಹೇಳುವವರು ಯಾರೋ ಹಳೆಯ ಕಾಲದ ಅಜ್ಜಿಯರಲ್ಲ. ನನ್ನ ವಯಸ್ಸಿನ, ಓದು ಬರಹ ಬಲ್ಲ ಅತ್ತೆಯರು, ಅಮ್ಮಂದಿರು. ಈ ಮಾತಿನ ಮೇಲೆ ನನಗೆ ದೊಡ್ಡ ತಕರಾರಿದೆ.

ಆ ಮೂರು ತಿಂಗಳಲ್ಲಿ ಒಳಗೆ ಏನು ನಡೆಯುತ್ತದೆ, ನೋಡಿ. ವೈದ್ಯರು ಲೆಕ್ಕ ಹಾಕುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ತಿಂಗಳು ತಪ್ಪಿತು ಎಂದು ಗೊತ್ತಾಗುವ ಹೊತ್ತಿಗೇ ಅವಳಿಗೆ 4 ವಾರ. ಮಗುವಿನ ಮಿದುಳು, ಬೆನ್ನುಹುರಿಗಳಿಗೆ ಮೂಲವಾದ ಕೊಳವೆ ಮುಚ್ಚಿಕೊಳ್ಳುವುದು ಇದೇ ಲೆಕ್ಕದ 6ನೆಯ ವಾರದ ಸುಮಾರಿಗೆ. ಅದು ಸರಿಯಾಗಿ ಮುಚ್ಚಲು ನೆರವಾಗುವ ಫೋಲಿಕ್ ಆಸಿಡ್ ಮಾತ್ರೆಯನ್ನು, ದಿನಕ್ಕೆ 400 ಮೈಕ್ರೋಗ್ರಾಂನಂತೆ, ಬಸಿರಿಗೆ ಮುಂಚಿನಿಂದಲೇ ತೆಗೆದುಕೊಳ್ಳಬೇಕು. ಆಗದಿದ್ದರೆ ತಿಳಿದ ದಿನದಿಂದಲಾದರೂ. ಮೂರು ತಿಂಗಳು ಕಾದು ಡಾಕ್ಟರ ಹತ್ತಿರ ಹೋದವಳಿಗೆ ಆ ಮಾತ್ರೆಯಿಂದ ಆ ಕೆಲಸ ಆಗದು. ಕೊಳವೆ ಮುಚ್ಚುವ ಕಾಲ ಕಳೆದು ಆರು ವಾರವಾಗಿರುತ್ತದೆ. 12 ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ ಎಂದು ಆಶಾ ಕಾರ್ಯಕರ್ತೆ ಬಾಗಿಲಿಗೇ ಬಂದು ಹೇಳುತ್ತಾಳೆ. ‘ನಮ್ಮನೇಲಿ ಅಂಥದ್ದೇನೂ ಇಲ್ಲಮ್ಮ’ ಎಂದು ಅತ್ತೆ ಕಳಿಸಿಬಿಡುತ್ತಾರೆ. ಸೊಸೆ ಬಚ್ಚಲಲ್ಲಿ ವಾಂತಿ ಮಾಡುತ್ತಿರುತ್ತಾಳೆ!

ವಾಂತಿ ಬೆಳಗಿನ ಹೊತ್ತು ಮಾತ್ರ ಎಂದು ಯಾರು ಹೇಳಿದರೋ. ಒಗ್ಗರಣೆಯ ವಾಸನೆ ಬಂದಾಗಲೆಲ್ಲ ಹೊಟ್ಟೆ ತೊಳೆಸುತ್ತದೆ. ಕೂತಲ್ಲಿ ನಿದ್ದೆ, ಎದೆ ಮುಟ್ಟಿದರೆ ನೋವು, ಗಳಿಗೆಗೊಮ್ಮೆ ಮೂತ್ರ. ನಾಲ್ಕನೆಯ ಪಿರಿಯಡ್ ಮುಗಿಯುವವರೆಗೆ ಅದನ್ನು ತಡೆದುಕೊಂಡು ಬೋರ್ಡಿನ ಮುಂದೆ ನಿಲ್ಲುವ ಕಷ್ಟ ಟೀಚರುಗಳಿಗೇ ಗೊತ್ತು. ಹೊಟ್ಟೆ ಕಾಣುವುದಿಲ್ಲವಾದ್ದರಿಂದ ಬಸ್ಸಿನಲ್ಲಿ ಯಾರೂ ಸೀಟು ಬಿಡುವುದಿಲ್ಲ. ವಾಂತಿ ನಿಂತು ಮುಖದಲ್ಲಿ ಕಳೆ ಬಂದ ಮೇಲೆ, ಏಳನೆಯ ತಿಂಗಳಲ್ಲಿ ಹಸಿರು ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿ ಆರತಿ ಎತ್ತುತ್ತೇವೆ.

ಅಪಾಯವೂ ಇದೆ. ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ಜೋರು ನೋವು, ರಕ್ತಸ್ರಾವ, ತಲೆಸುತ್ತು ಬಂದರೆ ಗರ್ಭ ಕೋಶದೊಳಗಲ್ಲದೆ ನಾಳದಲ್ಲಿ ಕಟ್ಟಿರಬಹುದು. ನಾಳ ಒಡೆದರೆ ತಾಯಿಯ ಜೀವಕ್ಕೇ ಸಂಚಕಾರ. ಬಸಿರನ್ನು ಮುಚ್ಚಿಟ್ಟವಳಿಗೆ ಮನೆಯಲ್ಲಿ ‘ಗ್ಯಾಸ್ ಇರಬೇಕು’ ಎಂದು ಓಮಿನ ಕಷಾಯ ಸಿಗುತ್ತದೆ.

ನಮ್ಮ ಶಾಲೆಗೆ ಹೊಸದಾಗಿ ಬಂದಿದ್ದ ವಿಜ್ಞಾನದ ಟೀಚರಿಗೆ ಒಂಬತ್ತನೆಯ ವಾರದಲ್ಲಿ ಗರ್ಭ ಹೋಯಿತು. ಎರಡು ದಿನ ಬರಲಿಲ್ಲ. ಮೂರನೆಯ ದಿನ ಪ್ರಾರ್ಥನೆಗೆ ಬಂದು ನಿಂತಿದ್ದಳು, ಮುಖ ಸುಣ್ಣದ ಹಾಗೆ. ಸ್ಟಾಫ್ ರೂಮಿನಲ್ಲಿ ಒತ್ತಿ ಕೇಳಿದ ಮೇಲೆ ಬಾಯಿಬಿಟ್ಟಳು. ‘ರಜೆ ಚೀಟಿಯಲ್ಲಿ ಜ್ವರ ಅಂತ ಬರೆದೆ ಮೇಡಂ. ಇನ್ನೇನು ಬರೀಲಿ? ಬಸುರಿ ಅಂತಲೇ ಇಲ್ಲಿ ಯಾರಿಗೂ ಗೊತ್ತಿರಲಿಲ್ಲವಲ್ಲ.’ ಮನೆಯಲ್ಲಿ ಅತ್ತೆ ಹೇಳಿದ್ದರಂತೆ: ‘ಸದ್ಯ, ಯಾರಿಗೂ ಹೇಳಿರಲಿಲ್ಲ, ಮರ್ಯಾದೆ ಉಳೀತು.’

ಯಾರ ಮರ್ಯಾದೆ? ಈ ಗುಟ್ಟು ಯಾರಿಗಾಗಿ ಎಂಬುದು ಈ ಒಂದು ಮಾತಿನಲ್ಲೇ ಬಯಲಾಯಿತಲ್ಲ. ಗರ್ಭಪಾತವಾದವಳಿಗೆ ಆರು ವಾರದ ಸಂಬಳಸಹಿತ ರಜೆ ಎಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಬರೆದರು. ಆ ಆರು ವಾರ ಇಂದಿಗೂ ಕಾನೂನಿನಲ್ಲಿದೆ. ಜ್ವರ ಎಂದು ಬರೆದವಳಿಗೆ ಎರಡು ಸಿ.ಎಲ್. ಖರ್ಚಾಯಿತು, ಅಷ್ಟೆ. ಅಳುವುದಕ್ಕೂ ಬಚ್ಚಲುಮನೆಯ ಬಾಗಿಲು ಹಾಕಿಕೊಳ್ಳಬೇಕಾಯಿತು.

ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ 10ರಿಂದ 15 ಹೀಗೆ ಹೋಗುತ್ತವೆ, ಬಹುಪಾಲು ಮೊದಲ 12 ವಾರಗಳಲ್ಲೇ. ಅವುಗಳಲ್ಲಿ ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷ ಕಾರಣ. ಅವಳು ನಡೆದು ಶಾಲೆಗೆ ಬಂದದ್ದಲ್ಲ, ಒಂದು ಹೋಳು ಪಪ್ಪಾಯಿ ತಿಂದದ್ದಲ್ಲ, ಪಕ್ಕದ ಮನೆಯಾಕೆ ಕಣ್ಣು ಹಾಕಿದ್ದಂತೂ ಅಲ್ಲವೇ ಅಲ್ಲ. ಈ ಲೆಕ್ಕ ಹೇಳಬೇಕಾದವರು ಸುಮ್ಮನಿರುವುದರಿಂದಲೇ ಪ್ರತಿಯೊಬ್ಬಳೂ ತನಗೊಬ್ಬಳಿಗೇ ಹೀಗಾಯಿತು, ತನ್ನಿಂದಲೇ ಆಯಿತು ಎಂದುಕೊಳ್ಳುತ್ತಾಳೆ.

ಊರಿಗೆಲ್ಲ ಪೇಡೆ ಹಂಚಿ ಎನ್ನುತ್ತಿಲ್ಲ. ಹೇಳಬೇಕೋ ಬೇಡವೋ, ಯಾರಿಗೆ ಹೇಳಬೇಕು, ಅದನ್ನು ಅವಳು ತೀರ್ಮಾನಿಸಲಿ. ಅವಳ ಬಾಯಿಗೆ ನಾವು ಬೀಗ ಹಾಕುವುದು ಬೇಡ. ಡಾಕ್ಟರಿಗೆ ಮೊದಲ ವಾರವೇ ತಿಳಿಯಲಿ. ಕೆಲಸಕ್ಕೆ ಹೋಗುವವಳಾದರೆ ಅಲ್ಲಿ ನಂಬಿಕೆಯ ಒಬ್ಬರಿಗಾದರೂ ಗೊತ್ತಿರಲಿ. ಇನ್ನು ಮನೆಯಲ್ಲಿ ಗೊತ್ತಿದ್ದೂ ಗೊತ್ತಿಲ್ಲದವರಂತೆ ಇರುವ ಅತ್ತೆಯರೇ, ನಾಳೆ ಬೆಳಿಗ್ಗೆ ಅವಳು ಹಾಸಿಗೆ ಬಿಡುವ ಮುನ್ನ ಕೈಗೆ ಒಂದು ಹಿಡಿ ಮಂಡಕ್ಕಿ ಕೊಡಿ. ಒಗ್ಗರಣೆ ನೀವೇ ಹಾಕಿ, ಅಡುಗೆಮನೆಯ ಕಿಟಕಿ ತೆರೆದಿಟ್ಟು.