ಐದನೇ ರಾತ್ರಿ ಕೂಸಿನ ಹಣೆಬರಹ ಬರೆಯುವವರು ಯಾರು?

ಕೂಸು ಹುಟ್ಟಿದ ಐದನೇ ರಾತ್ರಿ ಶೆಟಿಗೆವ್ವ ಬಂದು ಹಣೆಬರಹ ಬರೆದು ಹೋಗುತ್ತಾಳೆ ಎಂಬ ನಂಬಿಕೆ ಸವದತ್ತಿ, ರಾಮದುರ್ಗ ಸೀಮೆಯ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಆ ರಾತ್ರಿ ದಾಟಿತೆಂದರೆ ಮುದುಕಿಯರಿಗೆ ಅರ್ಧ ನಿಶ್ಚಿಂತೆ. ಅವರ ಲೆಕ್ಕ ತೀರ ಸುಳ್ಳೂ ಅಲ್ಲ. ಹಸುಗೂಸಿನ ರಕ್ತಕ್ಕೆ ಇಳಿಯುವ ಸ್ಟ್ರೆಪ್ಟೊಕಾಕಸ್ ಸೋಂಕಿನ ಮೊದಲ ಪೆಟ್ಟು ಬೀಳುವುದು ಹುಟ್ಟಿದ ಏಳು ದಿನದೊಳಗೇ. ಅದರಲ್ಲೂ ಬಹುಪಾಲು ಮೊದಲ ಒಂದೆರಡು ದಿನದಲ್ಲೇ! ಏಳು ದಿನ ದಾಟಿದರೂ ಪೂರ್ತಿ ಪಾರಾದಂತಲ್ಲ. ಮೂರು ತಿಂಗಳ ತನಕ ಎರಡನೇ ಸರದಿ ಇದೆ. ಆಗ ಅದು ಮಿದುಳಿನ ಪೊರೆಗೂ ಹೋಗಬಹುದು. ಬದುಕಿದ ಕೂಸಿಗೆ ಕಿವಿ ಕೇಳದಿರುವುದು, ಮೂರ್ಛೆ ರೋಗ, ಬುದ್ಧಿ ಮಂದವಾಗುವುದು ಇವೆಲ್ಲ ಬೆನ್ನು ಹತ್ತಬಹುದು.

ಈ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ರೈತನಿಗೆ ಹಳೇ ಪರಿಚಯದ ವೈರಿ. ಆಕಳ ಕೆಚ್ಚಲು ಬಾತು ಹಾಲು ಬತ್ತುವ ರೋಗಕ್ಕೆ ಇದೂ ಒಂದು ಕಾರಣ. ಮನುಷ್ಯರಲ್ಲಿ ಅದು ಹೆಂಗಸರ ಮೈಯಲ್ಲಿ, ಕರುಳು ಮತ್ತು ಜನನಮಾರ್ಗದಲ್ಲಿ, ಸುಮ್ಮನೆ ವಾಸವಾಗಿರುತ್ತದೆ. ಜಗತ್ತಿನ ಗರ್ಭಿಣಿಯರಲ್ಲಿ ಸುಮಾರು ಐವರಲ್ಲಿ ಒಬ್ಬರ ಮೈಯಲ್ಲಿ ಇದು ಇದ್ದೀತು. ತಾಯಿಗೆ ಜ್ವರವಿಲ್ಲ, ನೋವಿಲ್ಲ, ಅವಳ ತಪ್ಪೂ ಇಲ್ಲ. ‘ಬಾಣಂತಿ ಏನೋ ತಿಂದಾಳ’ ಎಂದು ಸೊಸೆಯನ್ನು ಹಳಿಯುವ ಅತ್ತೆಯರು ಇದನ್ನು ಎರಡು ಸಲ ಓದಲಿ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಲೆಕ್ಕದಂತೆ ಇದೊಂದೇ ರೋಗಾಣುವಿನಿಂದ ವರ್ಷಕ್ಕೆ ಸುಮಾರು 1 ಲಕ್ಷ ಕೂಸುಗಳು ಸಾಯುತ್ತವೆ, 46 ಸಾವಿರಕ್ಕಿಂತ ಹೆಚ್ಚು ಹೊಟ್ಟೆಯಲ್ಲೇ ಹೋಗುತ್ತವೆ. ಅಮೆರಿಕದಲ್ಲಿ ಗರ್ಭಿಣಿಯರಿಗೆಲ್ಲ ತಿಂಗಳು ತುಂಬುವ ಹೊತ್ತಿಗೆ ಪರೀಕ್ಷೆ ಮಾಡಿ, ರೋಗಾಣು ಇದ್ದವರಿಗೆ ಹೆರಿಗೆ ನೋವಿನಲ್ಲೇ ಪೆನಿಸಿಲಿನ್ ಕೊಡುತ್ತಾರೆ. ಸಾವಿರಕ್ಕೆ ಹೆಚ್ಚುಕಡಿಮೆ ಎರಡು ಕೂಸಿಗೆ ಬರುತ್ತಿದ್ದ ಮೊದಲ ವಾರದ ರೋಗ ಐದು ಸಾವಿರಕ್ಕೆ ಒಂದು ಎಂಬಲ್ಲಿಗೆ ಇಳಿಯಿತು. ಪೆನಿಸಿಲಿನ್ ಹಳೇ ಔಷಧ, ಅಗ್ಗದ ಔಷಧ. ಆದರೆ ಕೂಸು ಹೊರಬರುವ ನಾಲ್ಕು ತಾಸು ಮೊದಲಾದರೂ ಅದು ತಾಯಿಯ ರಕ್ತಕ್ಕೆ ಸೇರಬೇಕು. ನೋವು ಬಲಿತ ಮೇಲೆ ಟಂಟಂ ಹತ್ತಿಸಿ ಕರೆತಂದರೆ ಡಾಕ್ಟರು ಏನು ಮಾಡಿಯಾರು?

ಬೈಲಹೊಂಗಲಕ್ಕೂ ನಾಳೆಯೇ ಅಮೆರಿಕದ ಪರೀಕ್ಷೆ ಬರಲಿ ಎನ್ನುವುದು ಬರೀ ಮಾತಿನ ಮಂಟಪ. ಇಲ್ಲಿ ಕೂಸುಗಳನ್ನು ಕೊಲ್ಲುವ ಸೋಂಕಿನಲ್ಲಿ ಸ್ಟ್ರೆಪ್ಟೊಕಾಕಸ್ ಒಂದೇ ಇಲ್ಲ. ದಿಲ್ಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇರೆ ರೋಗಾಣುಗಳೇ ಮುಂದಿದ್ದವು, ಅದೂ ಔಷಧಿಗೆ ಜಗ್ಗದವು. ದೂರದ ಮಾತೇಕೆ, ಬೆಳಗಾವಿಯ ಕೆಎಲ್‌ಇ ಜವಾಹರಲಾಲ ನೆಹರು ಮೆಡಿಕಲ್ ಕಾಲೇಜು ಸೇರಿದಂತೆ ಏಳು ದೇಶಗಳಲ್ಲಿ 29 ಸಾವಿರ ತಾಯಂದಿರ ಮೇಲೆ ಒಂದು ಪ್ರಯೋಗ ನಡೆಯಿತು. ಹೆರಿಗೆ ನೋವಿನಲ್ಲಿ ಒಂದೇ ಸಲ 2 ಗ್ರಾಂ ಅಜಿತ್ರೊಮೈಸಿನ್ ಗುಳಿಗೆ. ಫಲಿತಾಂಶ 2023ರಲ್ಲಿ ಬಂತು: ತಾಯಂದಿರ ನಂಜು ಮತ್ತು ಸಾವು ಮೂರರಲ್ಲಿ ಒಂದು ಪಾಲು ಇಳಿದವು. ಕೂಸುಗಳಿಗೆ? ಏನೂ ಫರಕು ಬೀಳಲಿಲ್ಲ! ತಾಯಿಗೆ ಒಂದು ಗುಳಿಗೆ ನುಂಗಿಸಿ ಕೈ ತೊಳೆದುಕೊಳ್ಳುವಂತಿಲ್ಲ, ಕೂಸನ್ನೇ ಕಾಯಬೇಕು.

ಕಾಯುವವರಾರು? ಇಲ್ಲೇ ಗಂಟು ಇರುವುದು. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಹೋಗಿ ಕೂಸು ನೋಡಬೇಕೆಂಬುದು ಸರಕಾರದ ನಿಯಮ. ನಮ್ಮ ಪದ್ಧತಿಯಲ್ಲಿ ಚೊಚ್ಚಲ ಹೆರಿಗೆ ತವರುಮನೆಯದು. ಗಂಡನ ಊರು ಕಿತ್ತೂರ ಕಡೆ, ತವರು ರಾಮದುರ್ಗದ ಕಡೆ. ತಾಯಿ ಕಾರ್ಡು ಆಗಿದ್ದು ಅಲ್ಲಿ, ಕೂಸು ಮಲಗಿದ್ದು ಇಲ್ಲಿ. ಮೂರನೇ ದಿನ ಯಾವ ಊರ ಆಶಾ ಬಾಗಿಲು ಬಡಿಯಬೇಕು? ಗರ್ಭಿಣಿ ತವರಿಗೆ ಬಸ್ಸು ಹತ್ತಿದ ದಿನವೇ ಆ ಊರಿನ ಆಶಾಳ ಪಟ್ಟಿಯಲ್ಲಿ ಹೆಸರು ಏರಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರೂ ಬೇಡ. ಒಂದು ಫೋನು ಸಾಕು.

ಮನೆಯವರಿಗೂ ಪಾಲಿದೆ. ಕೂಸು ಮೊಲೆ ಹಿಡಿಯುವುದನ್ನು ಬಿಟ್ಟರೆ, ಎಬ್ಬಿಸಿದರೂ ಮೈ ಬಿಟ್ಟು ಮಲಗಿದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ಎದೆ ಒಳಗೆ ಸೆಳೆದರೆ, ಮೈ ಸುಟ್ಟರೆ ಇಲ್ಲವೆ ತಣ್ಣಗಾದರೆ ಅದು ‘ತಂಡಿ ಆಗೇತಿ, ಶೇಕ ಕೊಡ್ರಿ’ ಎನ್ನುವ ಹೊತ್ತಲ್ಲ. ದೃಷ್ಟಿ ತೆಗೆಯಲಿ ಬೇಕಾದರೆ, ಅದಕ್ಕೆ ಎರಡು ನಿಮಿಷ. ಆಮೇಲೆ ದವಾಖಾನೆ. ಔಷಧ ಅಂಗಡಿಯವರೂ ತಿಂಗಳು ತುಂಬದ ಕೂಸಿಗೆ ಕೆಮ್ಮಿನ ಬಾಟಲಿ ಕೊಟ್ಟು ಕಳಿಸಬಾರದು. ‘ಇದು ನನ್ನ ಕೈಯಾಗಿಂದಲ್ಲ, 108ಕ್ಕ ಫೋನ್ ಹಚ್ಚರಿ’ ಎಂದರೆ ಅವರ ವ್ಯಾಪಾರ ಮುಳುಗುವುದಿಲ್ಲ. ನೀರು ಒಡೆದು 18 ತಾಸಾದರೂ ಹೆರಿಗೆಯಾಗದ, ನೋವಿನಲ್ಲಿ ಜ್ವರ ಬಂದ, ತಿಂಗಳು ತುಂಬುವ ಮೊದಲೇ ನೋವು ತಿಂದ ತಾಯಿಯ ಕೂಸಿನ ಮೇಲಂತೂ ಎರಡು ಕಣ್ಣಿರಬೇಕು. ಅಂಥವಳನ್ನು ಮರುದಿನವೇ ಮನೆಗೆ ಕಳಿಸಿ ಎಂದು ಹಟ ಹಿಡಿಯುವ ನೆಂಟರೇ ಹೆಚ್ಚು.

ತಾಲೂಕು ಆಸ್ಪತ್ರೆಗಳ ಮುಂದೆ ಇಡಬೇಕಾದ ಬೇಡಿಕೆ ಒಂದೇ. ರಾಮದುರ್ಗದಿಂದ ಬೆಳಗಾವಿ ನೂರು ಕಿಲೋಮೀಟರ ದೂರ. ಸವದತ್ತಿಯವರಿಗೆ ಧಾರವಾಡ, ಹುಬ್ಬಳ್ಳಿಯೇ ಹತ್ತಿರ. ‘ಮುಂದ ಒಯ್ಯರಿ’ ಎಂದು ಚೀಟಿ ಬರೆಯುವ ಮೊದಲು ಆಂಪಿಸಿಲಿನ್, ಜೆಂಟಾಮೈಸಿನ್ ಮೊದಲ ಸೂಜಿ ಅಲ್ಲೇ ಬೀಳಬೇಕು. ವಾಹನ ಸಿಗದಿದ್ದರೆ, ಮನೆಯವರು ಒಯ್ಯಲು ಒಪ್ಪದಿದ್ದರೆ, ಊರ ನರ್ಸಮ್ಮನೇ ಜೆಂಟಾಮೈಸಿನ್ ಕೊಡಬಹುದೆಂದು ಕೇಂದ್ರ ಸರಕಾರ 2014ರಲ್ಲೇ ಮಾರ್ಗಸೂಚಿ ಹೊರಡಿಸಿದೆ. 2011ರ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಸರಕಾರಿ ದವಾಖಾನೆಯ ಔಷಧ, ತಪಾಸಣೆ, ಹೋಗಿ ಬರುವ ಗಾಡಿ ಎಲ್ಲ ಪುಕ್ಕಟೆ. ಅದು ಎಷ್ಟು ಜನಕ್ಕೆ ಗೊತ್ತು? ಬಸ್ ಸ್ಟ್ಯಾಂಡಿನ ಗೋಡೆಗಳಲ್ಲಿ ಜಾಹೀರಾತಿಗೆ ಜಾಗವಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಾಲ್ಕೂ ನಿಲ್ದಾಣಗಳಲ್ಲಿ ಕೂಸಿನ ಈ ಲಕ್ಷಣಗಳನ್ನೂ 108 ಎಂಬ ಮೂರಂಕಿಯನ್ನೂ ದಪ್ಪಕ್ಷರದಲ್ಲಿ ಬರೆಸಲು ಎರಡು ಡಬ್ಬಿ ಬಣ್ಣ ಬೇಕು, ಅಷ್ಟೇ.